ಮೇಷ್ಟ್ರಿಗೆ ಎಲ್ಲಾ ಫ್ರೀ

ಡ್ರಾಯಿಂಗ್ ಮೇಷ್ಟ್ರು ಕಾರು ತೆಗೆದುಕೊಳ್ಳುವ ಸುದ್ದಿ ಬೀದಿಗೆಲ್ಲ ಹಬ್ಬಿದ್ದು ಅವರ ಬಾಯಿಂದಲೇ. ಅಷ್ಟಕ್ಕೇ ಸುಮ್ಮನಿರದೆ, ಹಿಂದಿನ ದಿನ ಎದುರುಮನೆಯ ಮೆಟ್ಟಿಲ ಮೇಲೆ ಕೂತು ಇನ್ನೊಂದು ಮಾತನ್ನೂ ಸೇರಿಸಿದ್ದರು.

"ಬೋರ್ಡಿನಲ್ಲಿರೋ ಬೆಲೆಗಿಂತ ಒಂದು ಬಿಡಿಕಾಸು ಜಾಸ್ತಿ ಕೊಡೋ ಗಿರಾಕಿ ಅಲ್ಲ ನಾನು. ಆ ಶೋರೂಮಿನೋರು ನನ್ನಂಥವನನ್ನ ಇನ್ನೂ ನೋಡಿಲ್ಲ."

ಇದರಲ್ಲಿ ಎರಡನೆಯ ವಾಕ್ಯ ಮಾತ್ರ ನಿಜ.

ಮೇಷ್ಟ್ರು ದಡ್ಡರಲ್ಲ. ಆದರೆ ಎದುರಿಗಿರುವವರು ನಗುನಗುತ್ತಾ ಏನಾದರೂ ಕೇಳಿದರೆ ಬೇಡ ಅನ್ನುವ ತಾಕತ್ತು ಅವರ ನಾಲಗೆಗಿರಲಿಲ್ಲ. ಶಾಲೆಯಲ್ಲಿ ಮಕ್ಕಳು ಸೇಬಿಗೆ ನೀಲಿ ಬಣ್ಣ ಬಳಿದು "ಹೀಗೇ ಇರ್ಲಾ ಸಾರ್?" ಅಂದರೆ "ಇರ್ಲಿ ಬಿಡಪ್ಪ" ಅನ್ನುತ್ತಿದ್ದರು. ಮನೆ ಬಾಗಿಲಿಗೆ ಬಂದವರಿಂದೆಲ್ಲ ಕೊಂಡ ನೆಲ ಒರೆಸುವ ಕೋಲುಗಳು ಅವರ ಅಟ್ಟದ ಮೇಲೆ ಸಣ್ಣದೊಂದು ಕಾಡಿನ ಹಾಗೆ ಬೆಳೆದಿದ್ದವು. ಇದೆಲ್ಲ ಗೊತ್ತಿದ್ದ ಹೆಂಡತಿ, ಹೊಲಿಗೆ ಮೆಷಿನ್ನಿನ ಮುಂದಿನಿಂದ ಎದ್ದು, "ನಾನೂ ಬರ್ತೀನಿ ತಾಳ್ರೀ" ಅಂದಳು.

"ವ್ಯವಹಾರದ ಜಾಗಕ್ಕೆ ನೀನ್ಯಾಕೆ? ಮಾತು ಗಟ್ಟಿಯಾಗುತ್ತೆ, ನಿನಗೆ ಸರಿಹೋಗಲ್ಲ," ಅಂದು ಮೇಷ್ಟ್ರು ಒಬ್ಬರೇ ಹೊರಟರು.

ಶೋರೂಮಿನ ನೆಲ ಎಷ್ಟು ನುಣುಪಾಗಿತ್ತೆಂದರೆ, ಮೇಷ್ಟ್ರು ಬಾಗಿಲ ಕಾಲೊರೆಸಿನ ಮೇಲೆ ಬೂಟು ತಿಕ್ಕುತ್ತಲೇ ನಿಂತುಬಿಟ್ಟರು. ಕಾವಲುಗಾರನಿಗೆ ಅನುಮಾನ ಬಂತು. "ಏನಾದ್ರೂ ಮೆಟ್ಟಿದ್ರಾ ಸಾರ್?" ಅಂದ. ಆ ಪ್ರಶ್ನೆಗೇ ಅವರ ಗತ್ತು ಅರ್ಧ ಇಳಿಯಿತು. ಉಳಿದರ್ಧ, ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗಿಯೊಬ್ಬಳು "ಬನ್ನಿ ಸರ್, ನಿಮಗೋಸ್ಕರವೇ ಕಾಯ್ತಿದ್ವಿ" ಅಂದಾಗ ಇಳಿಯಿತು. ಯಾರೂ ತಮಗೋಸ್ಕರ ಕಾದದ್ದು ಮೇಷ್ಟ್ರಿಗೆ ನೆನಪಿರಲಿಲ್ಲ.

"ಈ ಕಲರ್ ನೋಡಿ ಸರ್. ಮಿಡ್‌ನೈಟ್ ಓಷನ್."

"ಇದು ಬರೀ ನೀಲಿ ಅಲ್ವೇನಮ್ಮ? ಚೂರು ಕಪ್ಪು ಬೆರೆಸಿದಾರೆ, ಅಷ್ಟೆ."

ಆ ದಿನ ಮೇಷ್ಟ್ರು ಸ್ವಂತವಾಗಿ ಹೇಳಿದ ಅಭಿಪ್ರಾಯ ಅದೊಂದೇ. ಆಮೇಲೆ ಹುಡುಗಿ ಗಾಜಿನ ಮೇಜಿನ ಮುಂದೆ ಕೂರಿಸಿ, ಜ್ಯೂಸು ತರಿಸಿ, ಬೆಲೆಯ ಕೆಳಗೆ ಒಂದೊಂದಾಗಿ ಬರೆಯತೊಡಗಿದಳು.

"ಇದು ಹ್ಯಾಂಡ್ಲಿಂಗ್ ಚಾರ್ಜು ಸರ್. ಗಾಡೀನ ಗೋಡೌನಿಂದ ಇಲ್ಲಿಗೆ ತರೋದಕ್ಕೆ."

"ಇಲ್ಲೇ ನಿಂತಿದೆಯಲ್ಲಮ್ಮ?"

"ಹೌದು ಸರ್, ತಂದಿದ್ದಕ್ಕೇ ನಿಂತಿರೋದು."

ಇದರಲ್ಲಿ ಏನೋ ತಪ್ಪಿದೆ ಅನ್ನಿಸಿತು. ಏನು ಅಂತ ಹೊಳೆಯುವಷ್ಟರಲ್ಲಿ ಹುಡುಗಿಯ ಪೆನ್ನು ಕಾರಿನ ಹೊಟ್ಟೆಯಡಿಗೆ ಹೋಗಿಬಿಟ್ಟಿತ್ತು. ಅಲ್ಲಿ ತುಕ್ಕು ಹಿಡಿಯದ ಹಾಗೆ ಕೋಟಿಂಗು. ಕೆಳಗೆ ಮಾಡಿಸಿದ ಮೇಲೆ ಮೇಲೊಂದು ಕೋಟಿಂಗು, ಮಿಂಚೋದಕ್ಕೆ. 

"ಈಗಲೇ ಮಿಂಚ್ತಾ ಇದೆಯಲ್ಲ?"

"ಇದು ಕಂಪನಿ ಮಿಂಚು ಸರ್. ಆರು ತಿಂಗಳಿಗೆ ಹೋಗುತ್ತೆ. ಅದು ನಮ್ಮ ಮಿಂಚು."

ಆಮೇಲೆ ಸೀಟ್ ಕವರು, ಸ್ಟೀರಿಂಗಿಗೂ ಕವರು, ಕಾಲಡಿಗೆ ಮ್ಯಾಟು, ಆ ಮ್ಯಾಟು ಕೊಳೆಯಾಗದಂತೆ ಅದರ ಮೇಲೆ ಇನ್ನೊಂದು ಮ್ಯಾಟು, ವಾರಂಟಿ ಮುಗಿದ ಮೇಲೆ ಶುರುವಾಗುವ ವಾರಂಟಿ, ಇಷ್ಟನ್ನೆಲ್ಲ ಕಾಗದಕ್ಕೆ ಇಳಿಸಿದ್ದಕ್ಕೆ ಕಾಗದಪತ್ರದ ಚಾರ್ಜು. ಪ್ರತಿಯೊಂದಕ್ಕೂ ಹುಡುಗಿ, "ಫ್ಯಾಮಿಲಿ ಇರೋರು ಎಲ್ರೂ ಹಾಕಿಸ್ತಾರೆ ಸರ್. ನಿಮಗೆ ಫ್ಯಾಮಿಲಿ ಇದೆ ಅಲ್ವಾ?" ಅನ್ನುತ್ತಿದ್ದಳು. ಮೇಷ್ಟ್ರಿಗೆ ಫ್ಯಾಮಿಲಿ ಇತ್ತು. ಹಾಗಾಗಿ ಪ್ರತಿಸಲವೂ ಹೂಂ ಅನ್ನಲೇಬೇಕಾಯಿತು.

ಕಾರಿನ ಬೆಲೆಗೆ ಸಾಲ ಸಿಕ್ಕಿತ್ತು. ಈ ಬಾಲಂಗೋಚಿಗಳಿಗೆ ಕೈಯಿಂದ ಕೊಡಬೇಕಿತ್ತು. ಮೇಷ್ಟ್ರ ಬಲಗಡೆಯ ದವಡೆಹಲ್ಲೊಂದು ಹುಳುಕಾಗಿ, ರೂಟ್ ಕೆನಾಲ್ ಮಾಡಿಸಿ ಮೇಲೊಂದು ಕ್ಯಾಪು ಹಾಕಿಸಬೇಕೆಂದು ಹಲ್ಲಿನ ಡಾಕ್ಟರು ಹೇಳಿದ್ದರು. ಅದಕ್ಕೆಂದು ತೆಗೆದಿಟ್ಟ ದುಡ್ಡಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾರಿನ ಕಾಲಡಿಗೆ ಹೋಯಿತು. ಹಲ್ಲು ಕಾಯುತ್ತೆ, ಹುಡುಗಿ ಎಷ್ಟು ಹೊತ್ತು ಕಾದಾಳು ಅಂತ ಮೇಷ್ಟ್ರು ಸಮಾಧಾನ ಮಾಡಿಕೊಂಡರು.

ಕಾರು ಬೀದಿಗೆ ಬಂದಾಗ ಎಲ್ಲರಿಗಿಂತ ಮೊದಲು ಹತ್ತಿರ ಬಂದವರು ಎದುರುಮನೆಯ ಸ್ಟೇಷನ್ ಮಾಸ್ಟರು. ನಿವೃತ್ತರಾಗಿ ವರ್ಷಗಳಾಗಿದ್ದರೂ ಅವರ ಮಾತಿನಿಂದ ಮೈಕು ಇಳಿದಿರಲಿಲ್ಲ. ಮನೆಯಲ್ಲಿ ಹೆಂಡತಿಯನ್ನು ಊಟಕ್ಕೆ ಕರೆಯುವಾಗಲೂ ಎರಡು ಸಲ ಪ್ರಕಟಿಸುತ್ತಿದ್ದರು. ಕಾರಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಮ್ಯಾಟೆತ್ತಿ, ಅದರಡಿಯ ಮ್ಯಾಟನ್ನೂ ಎತ್ತಿ ನೋಡಿದರು.

"ಗಮನಿಸಿ ಮೇಷ್ಟ್ರೇ. ಇದಕ್ಕೆಲ್ಲ ಬೇರೆ ದುಡ್ಡು ಕಿತ್ಕೊಂಡಿರಬೇಕಲ್ವಾ?"

ಬೀದಿಯವರೆಲ್ಲ ನಿಂತಿದ್ದರು. ಹೆಂಡತಿ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು. ಮೇಷ್ಟ್ರು ಆಕಾಶ ನೋಡಿದರು, ಟೈರು ನೋಡಿದರು.

"ದುಡ್ಡಾ? ಏನ್ ತಮಾಷೆ ಮಾಡ್ತೀರಾ. ಎಲ್ಲಾ ಫ್ರೀ."

"ಫ್ರೀನಾ!"

"ಕೂತ್ಕೊಂಡು ಎರಡು ಮಾತಾಡ್ದೆ. ಮ್ಯಾನೇಜರೇ ಬಂದು, ದಯವಿಟ್ಟು ತಗೊಂಡು ಹೋಗಿ ಸರ್, ಅಂದ."

ಹೆಂಡತಿ ಗಂಡನನ್ನು ನೋಡಿದಳು. ಮದುವೆಯಾದಾಗಿನಿಂದ ಹಾಗೆ ನೋಡಿರಲಿಲ್ಲ. ಆ ನೋಟಕ್ಕೆ ಮೇಷ್ಟ್ರ ಎದೆ ಉಬ್ಬಿತು. ಉಬ್ಬಿದ ಎದೆಯಿಂದ ಸತ್ಯವನ್ನು ಈಚೆಗೆ ತೆಗೆಯುವುದು ಕಷ್ಟ. ಹಾಗಾಗಿ ಅದು ಒಳಗೇ ಉಳಿಯಿತು.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಹಲ್ಲುಜ್ಜುತ್ತಿದ್ದಾಗ ಸ್ಟೇಷನ್ ಮಾಸ್ಟರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ನಿಂತರು. ಮಗಳಿಗೆ ಅವರೂ ಒಂದು ಸಣ್ಣ ಕಾರು ನೋಡಿದ್ದರಂತೆ.

"ಹೊರಡೋಣ ಮೇಷ್ಟ್ರೇ. ನೀವೇ ಮಾತಾಡ್ಬೇಕು. ನಾನು ಪಕ್ಕದಲ್ಲಿ ಸುಮ್ಮನೆ ಕೂತಿರ್ತೀನಿ."

"ಇವತ್ತು ಶಾಲೆ..."

"ಹೋಗ್ಬನ್ನಿ ರೀ, ಪಾಪ ಅಷ್ಟು ನಂಬ್ಕೊಂಡು ಬಂದಿದಾರೆ," ಅಂದಳು ಹೆಂಡತಿ, ಒಳಗಿನಿಂದ, ಹೆಮ್ಮೆಯ ದನಿಯಲ್ಲಿ.

ಶೋರೂಮಿನಲ್ಲಿ ಅದೇ ಹುಡುಗಿ, ಅದೇ ಜ್ಯೂಸು, ಅದೇ ಹ್ಯಾಂಡ್ಲಿಂಗ್ ಚಾರ್ಜು. ಸ್ಟೇಷನ್ ಮಾಸ್ಟರು ತೋಳು ಕಟ್ಟಿಕೊಂಡು, ಆಟ ಶುರುವಾಗಲಿ ಎಂಬಂತೆ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಜ್ಯೂಸು ಅರ್ಧಕ್ಕೇ ಬಿಟ್ಟು ಎದ್ದರು. "ಇಲ್ಲಿ ಬೇಡ, ಒಳಗೆ ಹೋಗಿ ಮಾತಾಡ್ತೀನಿ," ಅಂದು ಮ್ಯಾನೇಜರ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡರು.

ಕೋಣೆಗೆ ಸುತ್ತಲೂ ಗಾಜು. ಹೊರಗಿನವರಿಗೆ ಎಲ್ಲ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಮೇಷ್ಟ್ರು ಕೈ ಎತ್ತಿ ಎತ್ತಿ ಬೀಸಿದ್ದು, ಮೇಜು ಕುಟ್ಟಿದ್ದು, ಮ್ಯಾನೇಜರು ಎದ್ದು ನಿಂತು ಎರಡೂ ಕೈಯಲ್ಲಿ ಅವರ ಕೈ ಹಿಡಿದು ಕುಲುಕಿದ್ದು, ಇಷ್ಟನ್ನೂ ಸ್ಟೇಷನ್ ಮಾಸ್ಟರು ಕಣ್ಣಾರೆ ಕಂಡರು. ಆಗ ಒಳಗೆ ನಡೆದ ಮಾತು ಇಷ್ಟೇ:

"ದಯವಿಟ್ಟು ಅವರ ಎದುರಿಗೆ ಹೇಳ್ಬೇಡಿ. ಮ್ಯಾಟು, ಸೀಟ್ ಕವರು, ಆ ಹ್ಯಾಂಡ್ಲಿಂಗು, ಎಲ್ಲಾ ನಾನೇ ಕೊಡ್ತೀನಿ. ಅವರಿಗೆ ಫ್ರೀ ಅಂತ ಹೇಳಿ ಸಾಕು."

"ನಿಮ್ಮಂಥ ಸ್ನೇಹಿತರು ಎಲ್ಲಿ ಸಿಗ್ತಾರೆ ಸರ್," ಅಂದ ಮ್ಯಾನೇಜರು, ಕಣ್ಣು ಒದ್ದೆ ಮಾಡಿಕೊಂಡು, ಹೊರಗೆ ಕಾಣದ ಹಾಗೆ ಮೇಜಿನ ಕೆಳಗೇ ದುಡ್ಡು ಎಣಿಸಿಕೊಂಡ.

ಹಲ್ಲಿನ ದುಡ್ಡು ಅಲ್ಲಿಗೆ ಪೂರ್ತಿ ಮುಗಿಯಿತು. ಸ್ಟೇಷನ್ ಮಾಸ್ಟರು ಬೀದಿಗೆ ಬಂದು ಪ್ರಕಟಣೆ ಹೊರಡಿಸಿದರು. "ಒಳಗೆ ಏನ್ ಗರ್ಜನೆ ಅಂತೀರಿ! ಮ್ಯಾನೇಜರು ನಡುಗಿ ಹೋದ. ಕೈ ಹಿಡ್ಕೊಂಡು ಬೇಡ್ಕೊಂಡ." ಎಲ್ಲರೂ ಕೇಳಲಿ ಅಂತ ಇದನ್ನೂ ಎರಡು ಸಲ ಹೇಳಿದರು.

ಸುದ್ದಿ ಶಾಲೆಗೆ ಹೋಯಿತು. ಅಲ್ಲಿಯ ತನಕ ಮೇಷ್ಟ್ರನ್ನು "ಏನಪ್ಪಾ ಸೇಬು" ಅನ್ನುತ್ತಿದ್ದ ಹೆಡ್‌ಮಾಸ್ಟರು ಕುರ್ಚಿ ತೋರಿಸಿ "ಕೂತ್ಕೊಳ್ಳಿ" ಅಂದರು. ಮೇಷ್ಟ್ರಿಗೆ ಅಪಾಯ ಅರ್ಥವಾಯಿತು, ಆದರೆ ಆಗಲೇ ಕೂತಾಗಿತ್ತು. ಹೆಡ್‌ಮಾಸ್ಟರು ದೊಡ್ಡ ಗಾಡಿಯನ್ನೇ ಆರಿಸಿದರು. ಫ್ರೀ ಅಂದಮೇಲೆ ಎರಡೂ ಕೋಟಿಂಗು, ನಾಲ್ಕೂ ಬಾಗಿಲಿಗೆ ಬೆಳಕು, ಹಿಂದೆ ನೋಡುವ ಕ್ಯಾಮೆರಾ, ಒಂದೂ ಬಿಡಲಿಲ್ಲ. ಮೇಷ್ಟ್ರ ಹಳೇ ಸ್ಕೂಟರು ಮಾರಿದ ದುಡ್ಡು ಅದಕ್ಕೆ ಹೋಯಿತು. "ಸ್ಕೂಟರು ತಗೊಂಡೋನು ಇನ್ನೂ ಕೊಟ್ಟಿಲ್ವಾ?" ಅಂತ ಹೆಂಡತಿ ಕೇಳಿದರೆ, "ಮುಂದಿನ ವಾರ ಅಂದಿದಾನೆ" ಅನ್ನುತ್ತಿದ್ದರು. ಆ ಬಡಪಾಯಿ ಒಂದೇ ಸಲಕ್ಕೆ ಎಣಿಸಿ ಕೊಟ್ಟಿದ್ದ. ಮೇಷ್ಟ್ರ ದೆಸೆಯಿಂದ ಬೀದಿಯಲ್ಲಿ ಅವನ ಹೆಸರು ಕೆಟ್ಟಿತು.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಆದರೆ ಒಂದು ಸಂಜೆ ಹೆಂಡತಿ ಮುಖವರಳಿಸಿಕೊಂಡು ಬಂದು, "ತಮ್ಮನಿಗೆ ಫೋನ್ ಮಾಡಿದ್ದೆ ರೀ. ಹೊಸ ಕಾರು ತಗೋತಿದಾನಂತೆ. ಭಾವನ್ನ ಕರ್ಕೊಂಡು ಹೋಗೋ ಅಂದೆ. ಭಾನುವಾರ ಬರ್ತಿದಾನೆ," ಅಂದಳು.

ಈ ತಮ್ಮ ಮರದ ಮಿಲ್ಲಿನ ಮಾಲೀಕ. ಗರಗಸದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವನ ಗಂಟಲೇ ಗರಗಸವಾಗಿತ್ತು. ಯಾವ ವಿಷಯ ತೆಗೆದರೂ ಅದು ಅವನಿಗೆ ಮೊದಲೇ ಗೊತ್ತಿರುತ್ತಿತ್ತು. ಅಕ್ಕನ ಮನೆಗೆ ಬಂದಾಗಲೆಲ್ಲ, "ಭಾವ, ನೀವು ಸೇಬು ಬರ್ಕೊಂಡಿರಿ, ಲೋಕದ ವ್ಯವಹಾರ ನಮಗಿರಲಿ," ಅನ್ನುತ್ತಿದ್ದ. ಆಗೆಲ್ಲ ಹೆಂಡತಿ ಎದ್ದು ಅಡಿಗೆಮನೆಗೆ ಹೋಗಿ ಪಾತ್ರೆ ಜೋಡಿಸುತ್ತಿದ್ದಳು. ಆ ಪಾತ್ರೆಯ ಸದ್ದು ಮೇಷ್ಟ್ರಿಗೆ ತಮ್ಮನ ಮಾತಿಗಿಂತ ಜಾಸ್ತಿ ಚುಚ್ಚುತ್ತಿತ್ತು. ಈಗ ಅವಳು ಮೊದಲ ಸಲ ತವರಿನವರ ಮುಂದೆ ತಲೆಯೆತ್ತಿ ಗಂಡನ ಮಾತಾಡಿದ್ದಳು. ನಿಜ ಹೇಳಿಬಿಡೋಣ ಅಂತ ಮೇಷ್ಟ್ರು ಎರಡು ಸಲ ಬಾಯಿ ತೆರೆದರು. ಎರಡೂ ಸಲ ಅವಳು ನಗುತ್ತಿದ್ದಳು.

ಭಾನುವಾರ ಬೆಳಗಾಗುವಷ್ಟರಲ್ಲಿ, ಇಷ್ಟು ದಿನ ಕಾದು ಕೂತಿದ್ದ ಹಲ್ಲು ತನ್ನ ತೀರ್ಮಾನ ತೆಗೆದುಕೊಂಡಿತ್ತು. ಮೇಷ್ಟ್ರ ಬಲಗೆನ್ನೆ ಊದಿ, ಕಣ್ಣು ಕೆಂಪಾಗಿ, ಬಾಯಿ ಒಂದು ಚಮಚ ಹೋಗುವಷ್ಟೂ ತೆರೆಯದಂತಾಗಿತ್ತು. ಮಫ್ಲರು ಸುತ್ತಿಕೊಂಡು ಕೂತ ಅವರನ್ನು ನೋಡಿ ತಮ್ಮ, "ಇದೇನ್ ಭಾವ ಇದು, ಬೆಟ್ಟ ಹತ್ತೋಕೆ ಹೊರಟಿದೀರಾ?" ಅಂದ.

"ಹಲ್ಲುನೋವು ಕಣೋ. ಆದ್ರೂ ನಿನಗೋಸ್ಕರ ಬರ್ತಿದಾರೆ ನೋಡು," ಅಂದಳು ಅಕ್ಕ. ಮೇಷ್ಟ್ರು ಬರುತ್ತೇನೆ ಅಂದಿರಲಿಲ್ಲ. ಬರುವುದಿಲ್ಲ ಅನ್ನಲು ಬಾಯಿರಲಿಲ್ಲ.

ಶೋರೂಮಿನ ಗಾಜಿನ ಕೋಣೆಯಲ್ಲಿ ಮೇಷ್ಟ್ರು, ಹೆಂಡತಿಯ ತಮ್ಮ, ಮ್ಯಾನೇಜರು ಮೂವರೂ ಕೂತರು. ಮೇಷ್ಟ್ರ ಜೇಬಿನಲ್ಲಿ ಕರವಸ್ತ್ರ ಬಿಟ್ಟು ಬೇರೇನೂ ಇರಲಿಲ್ಲ. ತಮ್ಮ ಕಾಲ ಮೇಲೆ ಕಾಲು ಹಾಕಿಕೊಂಡು ಶುರುಮಾಡಿದ. "ನೋಡಿ ಮ್ಯಾನೇಜರೇ, ನಾನು ಮರದ ವ್ಯಾಪಾರದೋನು. ತೊಗಟೆ ನೋಡಿ ಒಳಗಿನ ಹುಳ ಹೇಳ್ತೀನಿ." ಅಲ್ಲಿಂದ ಅವನ ಮಾತು ಸಾಗುವಾನಿಗೆ ಹೋಯಿತು, ಸಾಗುವಾನಿಯಿಂದ ಸಾಗಣೆಗೆ ಹೋಯಿತು. ಮ್ಯಾನೇಜರು ಅವನ ಕಡೆ ತಲೆಯಾಡಿಸುತ್ತಿದ್ದ, ಆದರೆ ಕಣ್ಣೆಲ್ಲ ಮೇಷ್ಟ್ರ ಮೇಲೆ. ಯಾವಾಗಲೂ ನಗುನಗುತ್ತಾ ಬಂದು, ಪಿಸುಗುಟ್ಟಿ, ದುಡ್ಡು ಕೊಟ್ಟು ಹೋಗುವ ಮನುಷ್ಯ ಇವತ್ತು ಕತ್ತಿಗೆ ಮಫ್ಲರು ಬಿಗಿದು, ಕೆಂಗಣ್ಣು ಬಿಟ್ಟುಕೊಂಡು, ಹಲ್ಲು ಕಚ್ಚಿ ಕೂತಿದ್ದಾನೆ. ಯಾಕೆ? ಇವನೊಬ್ಬ ಮುನಿದರೆ ಇಡೀ ಬೀದಿ ಬೇರೆ ಶೋರೂಮಿಗೆ ಹೋಗುತ್ತೆ.

"ಸರ್," ಅಂದ ಮ್ಯಾನೇಜರು ಮೆಲ್ಲಗೆ, ಕಾಗದವನ್ನು ಮೇಷ್ಟ್ರ ಕಡೆಗೇ ತಳ್ಳುತ್ತಾ, "ಮಾಮೂಲಿನಂತೆ ಈ ಹ್ಯಾಂಡ್ಲಿಂಗ್ ಚಾರ್ಜು..."

ಸರಿಯಾಗಿ ಆಗಲೇ ಏಸಿಯ ತಣ್ಣನೆ ಗಾಳಿ ಮಫ್ಲರಿನ ಸಂದಿಯಲ್ಲಿ ನುಗ್ಗಿ ಹಲ್ಲಿಗೆ ತಾಗಿತು.

"ಉಹ್ಞೂಂ!" ಅಂದರು ಮೇಷ್ಟ್ರು.

ಮ್ಯಾನೇಜರು ಬೆಚ್ಚಿ, ಹ್ಯಾಂಡ್ಲಿಂಗ್ ಚಾರ್ಜಿನ ಮೇಲೆ ಗೀಟು ಎಳೆದ. "ಆಯ್ತು ಸರ್, ನಿಮಗೋಸ್ಕರ ಬಿಟ್ಟೆ. ಕೆಳಗಿನ ಕೋಟಿಂಗು ಮಾತ್ರ..."

"ಉಹ್ಞೂಂ... ಉಹ್ಞೂಂ!"

"ಅದೂ ಬೇಡ ಬಿಡಿ. ಕಾಗದಪತ್ರದ್ದು? ಅದಕ್ಕೆ ನಮ್ಮ ಹುಡುಗರು ಓಡಾಡ್ತಾರೆ ಸರ್, ಸ್ವಲ್ಪ ಯೋಚ್ನೆ ಮಾಡಿ."

ಮೇಷ್ಟ್ರು ಕಣ್ಣು ಮುಚ್ಚಿ, ಕುರ್ಚಿಯ ತೋಳು ಹಿಡಿದು, ನೆಲದಾಳದಿಂದ ಬಂದಂಥ ಒಂದು ಸದ್ದು ಹೊರಡಿಸಿದರು. ಆ ಸದ್ದಿನಲ್ಲಿ ಕಾಗದಪತ್ರದ ಚಾರ್ಜೂ ಹೋಯಿತು, ವಾರಂಟಿ ಮೇಲಿನ ವಾರಂಟಿಯೂ ಹೋಯಿತು. ಪಕ್ಕದಲ್ಲಿ ತಮ್ಮ ಇದ್ಯಾವುದನ್ನೂ ಗಮನಿಸದೆ, ತಾನು ಒಮ್ಮೆ ಒಂದು ಲಾರಿ ಹಲಸಿನ ಮರವನ್ನು ಅರ್ಧ ಬೆಲೆಗೆ ಹೊಡೆದ ಕತೆ ಹೇಳುತ್ತಿದ್ದ. ತನ್ನ ಕತೆಯ ಪ್ರತಿ ತಿರುವಿಗೂ ಮ್ಯಾನೇಜರು ಒಂದೊಂದು ಗೀಟು ಎಳೆಯುವುದನ್ನು ಕಂಡು ಅವನಿಗೆ ಇನ್ನಷ್ಟು ಹುರುಪು ಬಂತು.

ಅಷ್ಟರಲ್ಲಿ ಹುಡುಗಿ ನಗುತ್ತಾ ಬಂದು ಐಸು ಹಾಕಿದ ಜ್ಯೂಸನ್ನು ಮೇಷ್ಟ್ರ ಮುಂದೆ ಹಿಡಿದಳು. "ತಗೊಳ್ಳಿ ಸರ್, ಕೋಪ ಮಾಡ್ಕೋಬೇಡಿ." ನಗುತ್ತಾ ಕೊಟ್ಟದ್ದನ್ನು ಬೇಡ ಅಂದು ಅಭ್ಯಾಸವಿಲ್ಲ. ಮೇಷ್ಟ್ರು ಒಂದು ಗುಟುಕು ಹೀರಿದರು.

ಆಮೇಲೆ ಆದದ್ದನ್ನು ಹೊರಗಿದ್ದ ಗಿರಾಕಿಗಳೆಲ್ಲ ಗಾಜಿನಾಚೆಯಿಂದ ನೋಡಿದರು. ಮಫ್ಲರು ಸುತ್ತಿದ ಮನುಷ್ಯ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದ, ನೆಲಕ್ಕೆ ಕಾಲು ಅಪ್ಪಳಿಸಿದ, ಮುಷ್ಟಿಯಿಂದ ಮೇಜಿಗೆ ಗುದ್ದಿ, ಬಾಗಿಲು ತಳ್ಳಿಕೊಂಡು ಹೊರಟುಹೋದ. ಮ್ಯಾನೇಜರು ಹಿಂದೆಯೇ ಓಡಿದ. "ಸರ್! ಸರ್! ಮ್ಯಾಟು, ಸೀಟ್ ಕವರು, ಎರಡೂ ಕೋಟಿಂಗು, ಎಲ್ಲಾ ಫ್ರೀ! ನಿಜವಾಗ್ಲೂ ಫ್ರೀ!" ಅಂತ ಬಾಗಿಲ ತನಕ ಕೂಗಿದ. ಕಾಲೊರೆಸಿನ ಪಕ್ಕದಲ್ಲಿದ್ದ ಕಾವಲುಗಾರ ಗಾಬರಿಯಿಂದ ಸಲಾಮು ಹೊಡೆದ.

ಮೇಷ್ಟ್ರು ಯಾವುದನ್ನೂ ಕೇಳಿಸಿಕೊಳ್ಳದೆ ನೇರವಾಗಿ ಹಲ್ಲಿನ ಡಾಕ್ಟರ ಬಾಗಿಲಿಗೆ ಹೋಗಿ ಬಿದ್ದರು. ಡಾಕ್ಟರು ಬಾಯಿಗೆ ದೀಪ ಹಿಡಿದು, "ಆವತ್ತೇ ಬಂದಿದ್ರೆ ಉಳಿಸಬಹುದಿತ್ತು. ಉಳಿಸೋದಕ್ಕೆ ಖರ್ಚಿದೆ. ಕೀಳೋದಕ್ಕೆ ಅಷ್ಟೇನಿಲ್ಲ," ಅಂದರು. ಕಿತ್ತರು. ಅದನ್ನೂ ಸಾಲಕ್ಕೆ ಕಿತ್ತರು.

ಕೆನ್ನೆಯಲ್ಲಿ ಹತ್ತಿ ಕಚ್ಚಿಕೊಂಡು ಮೇಷ್ಟ್ರು ಮನೆ ಮುಟ್ಟಿದಾಗ ಬೀದಿಯೆಲ್ಲ ಅವರ ಮನೆಯ ಮುಂದಿತ್ತು. ನಡುವೆ ತಮ್ಮ ನಿಂತು ಗರಗಸದ ದನಿಯಲ್ಲಿ ವರ್ಣಿಸುತ್ತಿದ್ದ. "ನಾನು ಮಾತು ಶುರು ಮಾಡಿದ್ದೇ ತಡ, ಒಂದೊಂದೇ ಚಾರ್ಜು ಹೊಡೆದು ಹಾಕ್ದ! ಹಲಸಿನ ಮರದ ಕತೆಗೆ ಬರೋಷ್ಟರಲ್ಲಿ ಕಾಗದದಲ್ಲಿ ಕಾರಿನ ಬೆಲೆ ಬಿಟ್ಟು ಏನೂ ಉಳಿದಿರಲಿಲ್ಲ. ಭಾವ? ಪಾಪ, ಅವರಿಗೆ ಹಲ್ಲುನೋವು. ಗೊಂಬೆ ಹಾಗೆ ಕೂತಿದ್ರು. ಮಧ್ಯದಲ್ಲೇ ಎದ್ದು ಹೋದ್ರು."

"ಹಾಗಾದ್ರೆ ಎಲ್ಲಾ ಇವರೇ ಮಾಡಿದ್ದು! ಎಲ್ಲಾ ಇವರೇ ಮಾಡಿದ್ದು!" ಅಂತ ಸ್ಟೇಷನ್ ಮಾಸ್ಟರು ಪ್ರಕಟಿಸಿದರು. ಸುದ್ದಿ ಕೇಳಿ ಬಂದಿದ್ದ ಹೆಡ್‌ಮಾಸ್ಟರು ತಮ್ಮನ ಹೆಗಲ ಮೇಲೆ ಕೈ ಹಾಕಿ, "ನನ್ನ ಷಡ್ಡಕನಿಗೂ ಒಂದು ಕಾರು ಬೇಕಾಗಿದೆ," ಅಂದರು. ಮೇಷ್ಟ್ರಿಗೆ ಯಾರೋ ದಾರಿ ಬಿಟ್ಟರು, ಅಷ್ಟೆ.

ಹೆಂಡತಿ ಉಪ್ಪು ಹಾಕಿದ ಬೆಚ್ಚನೆ ನೀರು ತಂದು ಮುಂದಿಟ್ಟಳು. "ನೀವು ಬಾಯೇ ಬಿಡಲಿಲ್ವಂತೆ?"

ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದರು. ಬಹಳ ದಿನದ ಮೇಲೆ ಅವಳಿಗೆ ಹೇಳಿದ ಅಪ್ಪಟ ಸತ್ಯ ಅದು.

"ಹೋಗ್ಲಿ ಬಿಡಿ. ನೋವಿಟ್ಕೊಂಡು ಹೋದ್ರಲ್ಲ, ಸಾಕು," ಅಂದಳು ಅವಳು, ಊದಿದ ಕೆನ್ನೆಯನ್ನು ಬೆರಳ ತುದಿಯಿಂದ ಮುಟ್ಟಿ. ಆವತ್ತು ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳಲಿಲ್ಲ. ನಿಜವಾಗಿ ಗೆದ್ದದ್ದು ತಾನೇ ಅಂತ ಬೀದಿಗೆಲ್ಲ ಹೇಳಿಬಿಡುವ ಆಸೆ ಮೇಷ್ಟ್ರಿಗೆ ಒಂದು ಕ್ಷಣ ಬಂತು. ಮರುದಿನ ಬೆಳಿಗ್ಗೆ ಸ್ಟೇಷನ್ ಮಾಸ್ಟರು ಇಸ್ತ್ರಿ ಅಂಗಿಯಲ್ಲಿ ಹೊರಬಂದು, ಇವರ ಬಾಗಿಲ ಕಡೆ ತಿರುಗಿಯೂ ನೋಡದೆ ಮರದ ಮಿಲ್ಲಿನ ದಾರಿ ಹಿಡಿದಾಗ ಆ ಆಸೆ ಪೂರಾ ಹೋಯಿತು. ಆಮೇಲೆ ಅವರು ನೆಮ್ಮದಿಯಾಗಿ ಶಾಲೆಗೆ ಹೋಗಿ ಬಂದರು, ನೆಮ್ಮದಿಯಾಗಿ ನಿದ್ದೆ ಮಾಡಿದರು. ಹೆಡ್‌ಮಾಸ್ಟರು ಮತ್ತೆ "ಏನಪ್ಪಾ ಸೇಬು" ಅಂದರು. ಕಿವಿಗೆ ಹಿತವಾಗಿತ್ತು.

ಕೆಲವು ವಾರ ಕಳೆದಿರಬೇಕು. ಒಂದು ರಜೆಯ ಮಧ್ಯಾಹ್ನ ಮೇಷ್ಟ್ರು ಬಕೆಟ್ ಇಟ್ಟುಕೊಂಡು ಕಾರು ತೊಳೆಯುತ್ತಿದ್ದರು. ಹೆಂಡತಿಯ ತಮ್ಮ ಹೊಸ ಕಾರನ್ನು ಬೀದಿಯ ಕೊನೆಯಲ್ಲೇ ನಿಲ್ಲಿಸಿ, ಗೋಡೆಯ ಮಗ್ಗುಲಲ್ಲಿ ನಡೆದುಕೊಂಡು ಬಂದ. ಮುಖ ಬಾಡಿತ್ತು.

"ಅಕ್ಕ ಇದಾಳಾ ಭಾವ?"

"ಒಳಗೆ ಹೊಲೀತಿದಾಳೆ. ಕರೀಲಾ?"

"ಬೇಡ, ಬೇಡ. ಮೆಲ್ಲಗೆ ಮಾತಾಡಿ." ಅವನ ಗಂಟಲಿನಿಂದ ಇಷ್ಟು ಸಣ್ಣ ದನಿ ಬರುತ್ತದೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ. "ಸ್ಟೇಷನ್ ಮಾಸ್ಟರ ಅಳಿಯ, ಆ ಹೆಡ್‌ಮಾಸ್ಟರ ಷಡ್ಡಕ, ಆಮೇಲೆ ನಮ್ಮ ಮಾವನೋರ ಕಡೆಯೋರು... ಎಲ್ಲರ ಜೊತೆ ಹೋಗಿದ್ದೆ ಭಾವ. ಹಲಸಿನ ಮರದ ಕತೆ ಎಷ್ಟು ಹೇಳಿದ್ರೂ ಆ ಮ್ಯಾನೇಜರು ಜಗ್ಗಲೇ ಇಲ್ಲ. ಅಷ್ಟು ಜನರ ಮುಂದೆ ಆಗಲ್ಲ ಅನ್ನೋಕಾಗುತ್ತಾ? ಅದಕ್ಕೇ ನಾನು... ಒಳಗೆ ಹೋಗಿ... ಮಿಲ್ಲಿನ ಲೆಕ್ಕ ಎಲ್ಲಾ ನನ್ನ ಹೆಂಡ್ತಿ ಕೈಯಲ್ಲಿದೆ ಭಾವ. ನಿಮ್ಮ ಹತ್ರ ಏನಾದ್ರೂ, ಸ್ವಲ್ಪ, ಕೈಗಡವಾಗಿ..."

ಮೇಷ್ಟ್ರು ನಗಲಿಲ್ಲ. ಒದ್ದೆ ಬಟ್ಟೆ ಹಿಂಡಿ, ಬಕೆಟ್ಟಿನ ಅಂಚಿಗೆ ಹಾಕಿ, ವೈದ್ಯರು ರೋಗಿಯನ್ನು ಕೇಳುವ ಹಾಗೆ ಕೇಳಿದರು:

"ಮ್ಯಾಟಾ, ಸೀಟ್ ಕವರಾ?"

"ಎರಡೂ ಭಾವ. ಮೇಲೆ ಕೋಟಿಂಗು ಬೇರೆ."

"ಅಯ್ಯೋ ಪಾಪ," ಅಂದರು ಮೇಷ್ಟ್ರು. ಆ ಹುಡುಗನ ಮೇಲೆ ಅವರಿಗೆ ಇಷ್ಟು ವರ್ಷದಲ್ಲಿ ಮೊದಲ ಸಲ ಮನಸ್ಸು ಕರಗಿತು. ಕಾರಿನ ಬಾಗಿಲು ತೆರೆದು, ಅವನ ಭುಜ ಹಿಡಿದು ಸೀಟಿನ ಮೇಲೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು.

ಒಳಗೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. "ಯಾರ್ರೀ ಅದು ಬಂದಿರೋದು?"

"ನಮ್ಮವನೇ ಕಣೇ," ಅಂದರು ಮೇಷ್ಟ್ರು.